ಹತ್ತು ಹೆಜ್ಜೆ

ಹಲ್ ಅಂತ ಈ ಊರು. ಫೋನಿನಲ್ಲಿ ಅವ್ವ ಹಲ್ಲೂರು ಅನ್ನುತ್ತಾಳೆ.
ಹಂಬರ್ ನದಿಯ ಕಡೆಯಿಂದ ಮಂಜು
ಒದ್ದೆ ಗೋಣಿಯ ಹಾಗೆ ಬಂದು ಬೀಳುವ ಬೆಳಿಗ್ಗೆ
ನನ್ನ ಕೆಲಸ ಇಷ್ಟೇ:
ತುಂಬಿಟ್ಟು ಬಿಟ್ಟುಹೋದ ಬುಟ್ಟಿಗಳನ್ನು ಎಣಿಸುವುದು.

ನಮ್ಮಲ್ಲಿ ಹತ್ತಕ್ಕೆ ಏಳು ಮಂದಿ ಹೀಗೇ.
ಆರಿಸುತ್ತಾರೆ, ಬಣ್ಣ ಬದಲಿಸುತ್ತಾರೆ,
ವಿಳಾಸ ಅರ್ಧ ಬರೆಯುತ್ತಾರೆ,
ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರಂತೆ ಎದ್ದು ಹೋಗುತ್ತಾರೆ.
ಮೂರನೆಯ ದಿನ ನಾನು ಬರೆದ ಓಲೆ ಹೊರಡುತ್ತದೆ:
"ಏನೋ ಮರೆತಿದ್ದೀರಿ! ಇಗೋ, ನಿಮಗೆಂದೇ ಶೇಕಡಾ ಹತ್ತು ಕಡಿತ."
ಆ ಆಶ್ಚರ್ಯಚಿಹ್ನೆಗಾಗಿ ಎರಡು ಸಭೆ ನಡೆದಿದ್ದವು.

ಮುಖ್ಯಸ್ಥ ಕ್ಯಾಲಮ್ ಬ್ರೇತ್‌ವೇಟ್ ಮೊನ್ನೆ
ಪರದೆಯ ಮೇಲೆ ಕೆಂಪು ಚುಕ್ಕೆಗಳ ಒಂದು ಗುಂಪು ತೋರಿಸಿದ:
"ಇವರು ಮರೆತವರಲ್ಲ, ಕಾಯುವವರು.
ನಾವು ಇವರನ್ನು ಪಳಗಿಸಿದೆವು ಅಂದುಕೊಂಡಿದ್ದೆವು.
ಪಳಗಿದ್ದು ನಾವು."
ಎಲ್ಲರೂ ನಕ್ಕರು. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂತು.

ಅಂಗಡಿಯಲ್ಲಿ ನಿಂತು ಬೆಲೆ ಜಗ್ಗಾಡಲು ನಾಚುವ ಜನ ಇವರು.
ಮುಖವಿಲ್ಲದ ಕಡೆ, ರಾತ್ರಿ, ರಜಾಯಿಯೊಳಗೆ
ಕಲಿತುಬಿಟ್ಟಿದ್ದಾರೆ.

ನನಗೆ ನಗು ಬರಲಿಲ್ಲ. ಆ ಚುಕ್ಕೆ ನನಗೆ ಗೊತ್ತು.
ಅದು ಗದಗಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ
ನಮ್ಮ ಚಿಗವ್ವನ ಬೆನ್ನು.

ಮೆಂತೆಪಲ್ಲೆಯ ಸಿವುಡು ಎತ್ತಿ, ಮೂಸಿ,
ದರ ಕೇಳಿ, ಕೆಂಡ ಮುಟ್ಟಿದವಳ ಹಾಗೆ ಕೆಳಗಿಟ್ಟು
ನಡೆದೇಬಿಡುವಳು.
"ತಿರುಗಿ ನೋಡಬ್ಯಾಡ," ನನ್ನ ಮುಂಗೈ ಹಿಡಿದು ಪಿಸುಗುಟ್ಟುವಳು,
"ಹತ್ತು ಹೆಜ್ಜಿ. ಎಣಸು."
ಏಳಕ್ಕೋ ಎಂಟಕ್ಕೋ ಹಿಂದಿನಿಂದ:
"ಯಕ್ಕಾ, ಬರ್ರಿ ಇಲ್ಲೆ! ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ..."
ಆಗಲೂ ಚಿಗವ್ವ ತಟ್ಟನೆ ತಿರುಗುತ್ತಿರಲಿಲ್ಲ.
ಇನ್ನೊಂದು ಹೆಜ್ಜೆ ಇಡುತ್ತಿದ್ದಳು, ಮರ್ಯಾದೆಗೆ.

ಸಭೆಯಲ್ಲಿ ಇದನ್ನೆಲ್ಲ ಹೇಳಲಿಲ್ಲ.
"ಅಂಕಿಗಳು ಸರಿ ಇವೆ" ಅಂದೆ.
ಸೋಮವಾರದಿಂದ ಓಲೆ ನಿಂತಿತು, ಕೆಂಪು ಚುಕ್ಕೆಯವರಿಗೆ ಮಾತ್ರ.

ಅವರಲ್ಲೊಬ್ಬಳು ಹೆಸಲ್ ರೋಡಿನ ಕಡೆಯ ಮಾರೀನ್ ಸ್ಟಾಥರ್ಡ್.
ನಾನು ಮುಖ ಕಂಡವಳಲ್ಲ; ಬೆರಳು ಬಲ್ಲೆ.
ಒಂದು ವಿದ್ಯುತ್ ಕಂಬಳಿ, ಒಬ್ಬರು ಮಲಗುವ ಅಳತೆ,
ಮೂವತ್ತೊಂಬತ್ತು ಪೌಂಡ್.
ನವೆಂಬರ್ ನಾಲ್ಕಕ್ಕೆ ಬುಟ್ಟಿಗೆ ಹಾಕಿದಳು.
ಏಳಕ್ಕೆ ಬಂದು ನೋಡಿದಳು. ಎಂಟಕ್ಕೆ ಎರಡು ಸಲ.
ಹನ್ನೊಂದರ ರಾತ್ರಿ, ಹೊರಗೆ ಮೈನಸ್ ಎರಡು,
ಬೂದು ಬಣ್ಣ ತೆಗೆದು ನೀಲಿ ಮಾಡಿದಳು,
ಮತ್ತೆ ಬೂದು.
ಹೋದಳು. ಬಂದಳು.

ಒಮ್ಮೆ, ಒಂದೇ ಒಂದು ಸಲ, ಪಲ್ಲೆಯವ ಕರೆಯಲಿಲ್ಲ.
ಹತ್ತಾತು ಚಿಗವ್ವಾ, ಅಂದೆ.
"ಸುಮ್ಮ ನಡಿ."
ಹಿಟ್ಟಿನ ಗಿರಣಿ ದಾಟಿದೆವು, ಸೈಕಲ್ ಅಂಗಡಿ ದಾಟಿದೆವು,
ಎಡಕ್ಕೆ ಹೊರಳಬೇಕಾದ ಮನೆದಾರಿಯನ್ನೇ ದಾಟಿಬಿಟ್ಟೆವು.
ಅವಳ ಹೆಜ್ಜೆ ಸಣ್ಣದಾಗುತ್ತ ಬಂತು;
ಕಿವಿಗಳೆರಡೂ ಬೆನ್ನಿಗೆ ಬಂದು ಕೂತಿದ್ದವು.
ಆ ರಾತ್ರಿ ರೊಟ್ಟಿಗೆ ಖಾರಪುಡಿ, ಎಣ್ಣೆ.
"ಅವನ ಪಲ್ಲೆ ಬಾಡಿತ್ತು" ಅಂದಳು.
ಬಾಡಿರಲಿಲ್ಲ.

ಡಿಸೆಂಬರಿನ ವರದಿ ಚೆನ್ನಾಗಿದೆ.
ಕಾದವರಲ್ಲಿ ಮೂವರಿಗೊಬ್ಬರು ಪೂರ್ತಿ ಬೆಲೆ ತೆತ್ತರು.
ಕ್ಯಾಲಮ್ ನನ್ನ ಹೆಸರೆತ್ತಿ ಹೊಗಳಿದ.
ಉಳಿದಿಬ್ಬರಿಗೆ ವರದಿಯಲ್ಲಿ ಕಾಲಂ ಇಲ್ಲ.

ನಾಲ್ಕಕ್ಕೇ ಕತ್ತಲೆ ಈಗ.
ಕಿಟಕಿಯಾಚೆ ಸೇತುವೆಯ ದೀಪಗಳು ನದಿಯ ಅರ್ಧಕ್ಕೆ ಮುಗಿದುಹೋಗುತ್ತವೆ.
ನನ್ನ ಪರದೆಯಲ್ಲೊಂದು ಗುಂಡಿ ಇದೆ, ಕೈಯಾರೆ ಓಲೆ ಕಳಿಸುವುದಕ್ಕೆ;
ಒತ್ತಿದರೆ, ಒತ್ತಿದವರ ಹೆಸರು ದಾಖಲಾಗುತ್ತದೆ.
ಮಾರೀನಳ ಬುಟ್ಟಿಯಲ್ಲಿ ಕಂಬಳಿ ಇನ್ನೂ ಇದೆ. ಬೂದು.
ಕೊನೆಗೆ ಬಂದುಹೋದದ್ದು ಇವತ್ತು, ಮೂರು ಹತ್ತಕ್ಕೆ.

ಎಷ್ಟು ಹೆಜ್ಜೆಯಾಯಿತು, ಎಣಿಸುತ್ತಿದ್ದೇನೆ.
ಗಿರಣಿ ದಾಟಿದ್ದಾಳೆ.
ನಿಧಾನಕ್ಕೆ ನಡೆಯುತ್ತಿದ್ದಾಳೆ,
ಕೂಗಿದರೆ ಕೇಳುವಷ್ಟೇ ದೂರದಲ್ಲಿ.